ಎಂಬತ್ಮೂರು ಶಾಲು, ಒಂದು ಟವೆಲ್ಲು

ಅಕ್ಕಂದಿರೇ, ಊರೂರಿನ ಮಹಿಳಾ ಸಂಘಗಳ ಸಭೆ ಮುಗಿಯಿತು, ಎಲ್ಲರ ಸಹಿಯೂ ಆಯಿತು. ಇನ್ನು ಹತ್ತು ನಿಮಿಷ ಕೂತು ನಮ್ಮ ಮನೆಯ ಟ್ರಂಕಿನ ಕಥೆ ಕೇಳಿ. ನಗು ಬಂದರೆ ನಗಿ, ನನಗೇನೂ ಬೇಸರವಿಲ್ಲ. ಆದರೆ ಅಂಥದ್ದೊಂದು ಟ್ರಂಕು ನಿಮ್ಮ ಮನೆಯಲ್ಲೂ ಇದೆ ಎಂಬುದನ್ನು ಮಾತ್ರ ಮರೆಯಬೇಡಿ.

ನಾನು ಕಾನಹೊಸಹಳ್ಳಿಯ ಕಲ್ಯಾಣಮ್ಮ. ಬಸ್ ನಿಲ್ಲುವ ಜಾಗದ ಎದುರಿಗೆ ಪಾತ್ರೆ ಅಂಗಡಿ ಇದೆಯಲ್ಲ, ಅದು ನಮ್ಮದು, ಅದರ ಹಿಂದೆಯೇ ಮನೆ. ಯಜಮಾನರ ಹೆಸರು ಗುರುಸಂಗಪ್ಪ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದಳು ಎಂದು ಮೂಗು ಮುರಿಯಬೇಡಿ. ಐದು ತಾಲೂಕಿನ ಮೈಕುಗಳಲ್ಲಿ ಕೂಗಿರುವ ಹೆಸರು ಅದು, ನಾನೊಬ್ಬಳು ಮುಚ್ಚಿಟ್ಟು ಏನು ಮಾಡಲಿ? ಇವರದು ಕೊಡುವ ಕೈ. ಶಾಲೆಗೆ ತಟ್ಟೆ, ಮಠದ ದಾಸೋಹಕ್ಕೆ ಕೊಳಗ, ಸಾಮೂಹಿಕ ಮದುವೆಗೆ ಬಿಂದಿಗೆ, ಯಾರು ಕೇಳಿದರೂ ಇಲ್ಲ ಎನ್ನುವುದಿಲ್ಲ. ಕೊಟ್ಟವರನ್ನು ನಮ್ಮ ಕಡೆ ಹಾಗೇ ಕಳಿಸುತ್ತಾರೆಯೇ? ವೇದಿಕೆ ಹತ್ತಿಸಿ, ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸುತ್ತಾರೆ. ಹಣ್ಣು ಎರಡು ದಿನಕ್ಕೆ ಮುಗಿಯುತ್ತದೆ. ಶಾಲು ಉಳಿಯುತ್ತದೆ.

ಹಾಗೆ ಉಳಿದ ಶಾಲುಗಳು ಎಂಬತ್ತೆರಡು. ಕೂಡ್ಲಿಗಿಯ ಕೆಂಪು, ಕೊಟ್ಟೂರಿನ ಹಸಿರು, ಹಗರಿಬೊಮ್ಮನಹಳ್ಳಿಯ ಜರಿಯಂಚಿನದು, ಹಡಗಲಿಯ ನೇರಳೆ, ಹರಪನಹಳ್ಳಿಯವರು ಒಂದೇ ವರ್ಷ ಮೂರು ಸಲ ಹೊದಿಸಿದ ಅದೇ ಹಳದಿ. ಒಂದನ್ನೂ ಇವರು ಹೊದೆಯುವುದಿಲ್ಲ, ನನಗೂ ಹೊದೆಯಲು ಬಿಡುವುದಿಲ್ಲ. ವರ್ಷಕ್ಕೆರಡು ಸಲ ತೆಗೆದು, ಝಾಡಿಸಿ, ಮಡಚಿ, ಡಾಂಬರು ಗುಳಿಗೆ ಹಾಕಿ ತುಂಬಿಡುವ ಭಾಗ್ಯ ಮಾತ್ರ ನನ್ನದು. ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಬಿಳಿ ಟವೆಲ್ಲು ಇದೆ. ಅದನ್ನಂತೂ ನಾನು ಮುಟ್ಟುವ ಹಾಗೇ ಇಲ್ಲ. ಮೂವತ್ತು ವರ್ಷದ ಹಿಂದೆ ಗುಡೇಕೋಟೆಯ ಕಡೆ ಒಂದು ಸಣ್ಣ ಶಾಲೆಗೆ ಇವರು ನಲವತ್ತು ತಟ್ಟೆ ಕೊಟ್ಟಿದ್ದರು. ಅವರಿಗೆ ಶಾಲು ತರಲು ಆಗಿರಲಿಲ್ಲ, ಮಕ್ಕಳು ಸೇರಿ ಟವೆಲ್ಲು ಹೊದಿಸಿದರು. ಇವರ ಮೊದಲ ಸನ್ಮಾನ ಅದು. ಮಕ್ಕಳು ಎಷ್ಟು ಹೊತ್ತು ಚಪ್ಪಾಳೆ ತಟ್ಟಿದರು ಎಂದು ಈಗಲೂ ಹೇಳುತ್ತಿರುತ್ತಾರೆ.

ಇನ್ನು ತಂಬಿಗಿಯ ವಿಷಯ. ನಮ್ಮ ಅಂಗಡಿಯ ಮೆಟ್ಟಿಲ ಕೆಳಗೆ ಮಲಗುತ್ತಿದ್ದ ಬೀದಿನಾಯಿ ಅದು. ಸಣ್ಣ ಕತ್ತು, ಗುಂಡು ಹೊಟ್ಟೆ. ಯಾರೋ ಗಿರಾಕಿ ತಂಬಿಗಿ ಎಂದು ಕರೆದರು, ಅದೇ ಹೆಸರಾಯಿತು. "ಅದು ನಮ್ದಲ್ಲ" ಎಂದು ಇವರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಆದರೆ ಬೆಳಗಿನ ಚಹಾದ ಜೊತೆ ಎರಡು ಬಿಸ್ಕತ್ತು ತೆಗೆದುಕೊಳ್ಳುವರು, ಒಂದು ಕೈ ಜಾರಿ ಮೆಟ್ಟಿಲ ಕಡೆ ಬೀಳುವುದು. ಆರು ವರ್ಷ ದಿನಾ ತಪ್ಪದೆ ಕೈ ಜಾರುತ್ತದೆಯೇ? ನಾನೇನು ಕುರುಡಿಯೇ?

ಹೋದ ಡಿಸೆಂಬರಿನ ಒಂದು ಬೆಳಿಗ್ಗೆ ಇವರು ಮಾಲು ತರಲು ದಾವಣಗೆರೆಗೆ ಹೋಗಿದ್ದರು. ಹೆದ್ದಾರಿ ಪಕ್ಕದ ರಸ್ತೆಯಲ್ಲಿ ಯಾವುದೋ ಗಾಡಿ ತಂಬಿಗಿಗೆ ಬಡಿದು ನಿಲ್ಲದೆ ಹೋಯಿತು. ಹಿಂದಿನ ಎರಡೂ ಕಾಲು ಏಳಲಿಲ್ಲ. ಜನ ಸುತ್ತ ನಿಂತು ಅಯ್ಯೋ ಪಾಪ ಎಂದರು, ನಾನೂ ಎಂದೆ. ಕೆಲಸ ಮಾಡಿದವಳು ಮಾತ್ರ ಶೃತಿ. ಪಕ್ಕದ ಮನೆಯ ಸೊಸೆ, ನಮ್ಮ ಸಂಘದ ಪಶುಸಖಿ, ದನಕರುಗಳ ಆರೈಕೆಯ ತರಬೇತಿ ಪಡೆದವಳು. ಗೋಣಿಚೀಲದಲ್ಲಿ ಮೆಲ್ಲಗೆ ಎತ್ತಿ, ಆಟೋದಲ್ಲಿ ಹಾಕಿಕೊಂಡು ಗುಡೇಕೋಟೆ ರಸ್ತೆಯ ಪ್ರಾಣಿ ಆಸರೆ ಕೇಂದ್ರಕ್ಕೆ ಹೋದಳು. ಪಶು ಆಸ್ಪತ್ರೆಯಲ್ಲಿ ಅಟೆಂಡರ್ ಆಗಿ ನಿವೃತ್ತನಾದ ಭೀಮರಾಜ ತನ್ನ ತಂದೆಯ ಜಾಗದಲ್ಲಿ ತಗಡು ಹೊದಿಸಿ ಮಾಡಿದ ಕೇಂದ್ರ ಅದು. ಊರವರು ನಾಯಿ ಛತ್ರ ಎಂದು ನಗುತ್ತಿದ್ದರು. ನಕ್ಕವರಲ್ಲಿ ನಾನೂ ಇದ್ದೆ.

ಸಂಜೆ ಇವರು ಬಂದಾಗ ವಿಷಯ ಹೇಳಿದೆ. "ಅದು ನಮ್ದಲ್ಲ ಬಿಡು" ಎಂದರು. ಮರುದಿನ ಚಹಾಕ್ಕೆ ಎರಡು ಬಿಸ್ಕತ್ತು ತೆಗೆದುಕೊಂಡರು. ಎರಡೂ ತಟ್ಟೆಯಲ್ಲೇ ಉಳಿದವು.

ಎಂಟು ದಿನ ಕಳೆದು ನನ್ನ ತಮ್ಮನ ಮನೆಯ ಗೃಹಪ್ರವೇಶವಾಯಿತು. ಅಡುಗೆ ಬಹಳ ಮಿಕ್ಕಿತು. ಚೆಲ್ಲಲು ಮನಸ್ಸಾಗಲಿಲ್ಲ. ಅನ್ನ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ ಎಲ್ಲವನ್ನೂ ಎರಡು ಕೊಳಗ ತುಂಬಿಸಿ, ಶೃತಿಯನ್ನೂ ಕರೆದುಕೊಂಡು ಆಟೋದಲ್ಲಿ ಕೇಂದ್ರಕ್ಕೆ ಹೋದೆ. ಪುಣ್ಯವೆಲ್ಲ ನನಗೇ ಬರುತ್ತದೆ ಎಂಬ ಠೀವಿ ಬೇರೆ. ಭೀಮರಾಜ ಕೊಳಗದ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದ.

"ಅಕ್ಕಾರ, ನಿಮ್ಮ ಮನಸು ದೊಡ್ಡದು. ಆದ್ರ ಇದನ್ನ ಇಳಿಸಬ್ಯಾಡ್ರಿ."

ನನಗೆ ಮೈಯೆಲ್ಲ ಉರಿಯಿತು. "ಯಾಕಪಾ? ನಮ್ಮ ಮನಿ ಅಡಿಗಿ ನಿನ್ನ ನಾಯಿಗೆ ಸೇರಂಗಿಲ್ಲೇನು?"

"ಸಿಟ್ಟಾಗಬ್ಯಾಡ್ರಿ, ಅಲ್ಲಿ ನೋಡ್ರಿ" ಎಂದು ಮೂಲೆಯಲ್ಲಿ ಕಟ್ಟಿದ್ದ ಬಿಳಿ ಆಕಳನ್ನು ತೋರಿಸಿದ. "ಹೋದ ತಿಂಗಳು ಯಾರೋ ಪುಣ್ಯಾತ್ಮರು ಮದುವಿ ಅನ್ನ ಒಂದು ಬುಟ್ಟಿ ತಂದು ಇದರ ಮುಂದ ಸುರುವಿದ್ರು. ಗಬಗಬ ತಿಂತು. ಹೊಟ್ಟಿ ಉಬ್ಬಿ, ಎರಡು ದಿನ ಎದ್ದೇಳಲಿಲ್ಲ. ಡಾಕ್ಟ್ರು ಬಂದಿದ್ದಕ್ಕ ಉಳೀತು. ಆಕಳಿಗೆ ಒಮ್ಮಿಗೇ ಅಷ್ಟು ಅನ್ನ ಹಾಕಬಾರದ್ರಿ, ಜೀವಕ್ಕ ಮುಳುವು."

"ನಾಯಿಗಾದ್ರೂ ಹಾಕು."

ಶೃತಿ ಮೆಲ್ಲಗೆ ಬಾಯಿ ಹಾಕಿದಳು. "ಅತ್ತಿ, ಪಲ್ಯದಾಗ ಉಳ್ಳಾಗಡ್ಡಿ ಐತಿ. ನಾಯಿಗೆ ಉಳ್ಳಾಗಡ್ಡಿ ಆಗಿಬರಂಗಿಲ್ಲ, ರಕ್ತ ಕೆಡಿಸತೈತಿ. ಖಾರ, ಸಿಹಿ ಎರಡೂ ಬ್ಯಾಡ. ಉಳಿದ ಅಡಿಗಿ ಮನಷ್ಯಾರಿಗೇ ಕೊಟ್ಟುಬಿಡೋಣು, ಹೈವೇ ಕೆಲಸದವರು ಅಲ್ಲೇ ಇದಾರ."

"ಎಲ್ಲಾ ಬ್ಯಾಡ ಅಂತೀರಿ, ಮತ್ತೇನು ಬೇಕು ನಿಮಗ?"

ಭೀಮರಾಜ ನೆಲ ನೋಡಿದ. "ಹಾಸಾಕ ಬೇಕ್ರಿ, ಅಕ್ಕಾರ" ಎಂದ.

ಒಳಗೆ ಕರೆದುಕೊಂಡು ಹೋಗಿ ತೋರಿಸಿದ. ಅಕ್ಕಂದಿರೇ, ಆ ನೋಟವನ್ನು ಹೇಗೆ ಹೇಳಲಿ? ಸಿಮೆಂಟ್ ನೆಲದ ಮೇಲೆ ಒಂದು ಫ್ಲೆಕ್ಸ್ ಬ್ಯಾನರ್ ಹಾಸಿತ್ತು. ಅದರಲ್ಲಿ ಕೈ ಮುಗಿದು, ಹಲ್ಲು ಬಿಟ್ಟು, 'ಸರ್ವರಿಗೂ ಆದರದ ಸ್ವಾಗತ' ಕೋರುತ್ತಿದ್ದವರು ನಮ್ಮ ಯಜಮಾನರು! ಯಾವುದೋ ಕಾರ್ಯಕ್ರಮ ಮುಗಿದ ಮೇಲೆ ಬಿಚ್ಚಿ ಬಿಸಾಡಿದ್ದನ್ನು ಭೀಮರಾಜ ತಂದು ಹಾಸಿದ್ದ. ಇವರ ಚಿತ್ರದ ಎದೆಯ ಮೇಲೆ ತಲೆ ಇಟ್ಟುಕೊಂಡು ತಂಬಿಗಿ ಮಲಗಿತ್ತು. ನನಗೆ ತಡೆಯಲಾರದ ನಗು ಬಂತು. ಅಷ್ಟರಲ್ಲಿ ಭೀಮರಾಜ ಅದರ ಮಗ್ಗುಲು ತಿರುಗಿಸಿದ. ಸೊಂಟದ ಹತ್ತಿರ ಅಂಗೈ ಅಗಲ ಚರ್ಮ ಕಿತ್ತು ಹಸಿಯಾಗಿತ್ತು. ನನ್ನ ನಗು ಬಾಯಲ್ಲೇ ಸತ್ತಿತು.

"ಮೂಳಿ ಕೂಡತೈತ್ರಿ, ಡಾಕ್ಟ್ರು ಧೈರ್ಯ ಹೇಳ್ಯಾರ" ಎಂದ ಭೀಮರಾಜ. "ಈ ಹುಣ್ಣಿಂದೇ ಚಿಂತಿ. ಏಳಾಕ ಬರದ ಪ್ರಾಣಿ ಗಟ್ಟಿ ನೆಲದ ಮ್ಯಾಲೆ ಮಲಗಿ ಮಲಗಿ ಹಿಂಗಾಗತೈತಿ. ಉಚ್ಚಿ ಹೊಯ್ದ್ರ ಫ್ಲೆಕ್ಸ್ ಹೀರಂಗಿಲ್ಲ, ಅದರಾಗೇ ನೆನೀತೈತಿ. ಮೆತ್ತಗ, ಒಣಾ ಹಾಸಿಗಿ ಬೇಕು, ದಿನಕ್ಕ ನಾಕು ಸಲ ಬದಲ್ ಮಾಡಬೇಕು. ನನ್ನ ಹತ್ರ ಹದಿನೆಂಟು ಪ್ರಾಣಿ ಅದಾವ, ಹಾಸಾಕ ಆರು ಗೋಣಿಚೀಲ."

"ಹುಣ್ಣು ಮಾಯಲಿಲ್ಲಾಂದ್ರ?"

"ಒಳಗ ಮೂಳಿ ಮುಟ್ಟಿದ್ರ ಉಳಿಯಂಗಿಲ್ರಿ."

"ಊರಾಗ ಯಾರನ್ನಾದ್ರೂ ಕೇಳಬಾರದೇನು?"

"ಕೇಳಾಕ ನಾಚಿಕಿ ರೀ. ನಾಯಿ ಛತ್ರಕ್ಕ ಭಿಕ್ಷಾ ಬೇಡಾಕ ಬಂದ ಅಂತಾರ."

ನಕ್ಕವರಲ್ಲಿ ನಾನೂ ಒಬ್ಬಳು ಎಂದೆನಲ್ಲ, ಆ ಮಾತು ಕೇಳಿ ತಲೆ ತಗ್ಗಿಸಿದೆ. ಮನೆಯ ಟ್ರಂಕು ಕಣ್ಣ ಮುಂದೆ ಬಂತು.

ಅಡುಗೆಯನ್ನು ಹೆದ್ದಾರಿ ಕೆಲಸದವರಿಗೆ ಕೊಟ್ಟು ಮನೆಗೆ ಬಂದೆ. ಊಟಕ್ಕೆ ಬಡಿಸುತ್ತ ಮಾತು ತೆಗೆದೆ. ಫ್ಲೆಕ್ಸಿನ ವಿಷಯ ಹೇಳಲಿಲ್ಲ, ಅದನ್ನು ಇವರೇ ನೋಡಲಿ ಎಂದು ಇಟ್ಟುಕೊಂಡೆ.

"ಏನ್ರಿ, ಆ ಶಾಲು ಅಷ್ಟೂ ಆಸರೆ ಕೇಂದ್ರಕ್ಕ ಕೊಟ್ಟುಬಿಡೋಣೇನು? ಪ್ರಾಣಿಗಳಿಗೆ ಹಾಸಾಕ ಏನೂ ಇಲ್ಲ."

ಇವರ ಕೈಯ ತುತ್ತು ತಟ್ಟೆಗೇ ಬಿತ್ತು. "ತಲಿ ನೆಟ್ಟಗೈತೇನು ನಿಂದು? ಅವು ಶಾಲಲ್ಲಲೇ, ನನ್ನ ಮರ್ಯಾದಿ! ಮರ್ಯಾದಿ ಒಯ್ದು ನಾಯಿ ಅಡಿಗೆ ಹಾಸಬೇಕೇನು? ಹೊದಿಸಿದವರು ನೋಡಿದ್ರ ಏನಂದಾರು?"

"ಹೊದಿಸಿದವರು ಇಳಿಯೋವಾಗ ಮೈಕ್ ಆಫ್ ಮಾಡಿ ಹೋಗ್ಯಾರ. ಯಾರ ಹೆಗಲಿಗೆ ಯಾವ ಶಾಲು ಹಾಕಿದ್ವಿ ಅಂತ ನೆಪ್ಪಿಟ್ಟುಕೊಂಡು ಕುಂತಿರತಾರೇನು?"

"ನಿನಗ ತಿಳಿಯಂಗಿಲ್ಲ ಸುಮ್ಮನಿರು. ಒಂದು ಚೀಲ ನುಚ್ಚು ಕೊಡ್ತೀನಿ, ಎರಡು ಬಕೀಟು ಕೊಡ್ತೀನಿ. ಶಾಲು ಮುಟ್ಟಬ್ಯಾಡ."

ಇವರು ಕೆಟ್ಟವರಲ್ಲ ಅಕ್ಕಂದಿರೇ, ಬಕೆಟ್ಟನ್ನು ಅಂದೇ ಕಳಿಸಿದರು. ಆದರೆ ಗೌರವ ಎಂದರೆ ಮಡಚಿ ಇಡುವ ವಸ್ತು ಎಂದು ತಿಳಿದಿದ್ದರು. ನಾನೂ ಇಷ್ಟು ವರ್ಷ ಅದಕ್ಕೆ ಗುಳಿಗೆ ಹಾಕಿ ಕಾಯುತ್ತ ಬಂದವಳೇ.

ಎರಡು ದಿನ ಬಿಟ್ಟು ಹರಪನಹಳ್ಳಿಯಲ್ಲಿ ಒಂದು ಸನ್ಮಾನವಿತ್ತು. ಮಧ್ಯಾಹ್ನ ಇವರು ಹೊಸ ಶಾಲು ಹೆಗಲ ಮೇಲೆ ಹಾಕಿಕೊಂಡೇ ಅಂಗಡಿಗೆ ಬಂದರು. ಮತ್ತೆ ಅದೇ ಹಳದಿ, ಎಂಬತ್ಮೂರನೆಯದು. ಬಾಗಿಲಲ್ಲೇ ಶೃತಿ ಕಾಯುತ್ತಿದ್ದಳು.

"ಮಾವಾರ, ತಂಬಿಗಿ ನಿನ್ನೆಯಿಂದ ಏನೂ ತಿಂದಿಲ್ಲ. ನೀರೂ ಮುಟ್ಟವಲ್ದು. ನಿಮ್ಮ ದನಿ ಕೇಳಿದ್ರ ತಿಂದೀತೇನೋ, ಒಮ್ಮಿ ಬರ್ರಿ."

"ಅದು ನಮ್ದಲ್ಲ..." ಎಂದು ಶುರು ಮಾಡಿದರು, ಮುಗಿಸಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯಿಂದ ಬಿಸ್ಕತ್ತು ತೆಗೆದು ಜೇಬಿಗೆ ಹಾಕಿಕೊಂಡು ನಮಗಿಂತ ಮೊದಲು ಆಟೋ ಹತ್ತಿದರು.

ಕೇಂದ್ರದಲ್ಲಿ ಇವರ ಕಣ್ಣು ಮೊದಲು ಫ್ಲೆಕ್ಸಿನ ಮೇಲೆ ಬಿತ್ತು. ಭೀಮರಾಜ ಗಾಬರಿಯಾದ. "ತಪ್ಪು ತಿಳೀಬ್ಯಾಡ್ರಿ ಸಾವ್ಕಾರ್ರ, ಬೇರೆ ಏನೂ ಇರಲಿಲ್ಲ..." ಎಂದು ತಡವರಿಸಿದ. ಇವರ ಮುಖ ನೋಡಿ ನಗಬೇಕೆಂದು ನಾನು ಎರಡು ದಿನದಿಂದ ಕಾದಿದ್ದೆ. ಆದರೆ ನಗಲು ಆಗಲಿಲ್ಲ. ಇವರು ಕುಕ್ಕರುಗಾಲಲ್ಲಿ ಕೂತು "ತಂಬಿಗೀ" ಎಂದರು. ಕಣ್ಣು ಮುಚ್ಚಿದ್ದ ನಾಯಿ ಕಿವಿ ಎತ್ತಿತು. ಬಾಲ ಫ್ಲೆಕ್ಸಿಗೆ ಪಟ್ ಪಟ್ ಬಡಿಯಿತು. ಇವರು ಬಿಸ್ಕತ್ತು ಮುರಿದು ಹಿಡಿದರು, ಮೂಸಿ ನೋಡಿ ಅರ್ಧ ತಿಂದಿತು.

ಇವರು ಫ್ಲೆಕ್ಸಿನ ಮೇಲೆ ಅಂಗೈ ಇಟ್ಟು ನೋಡಿದರು. ತಮ್ಮದೇ ಮುಖದ ಮೇಲೆ. "ಭೀಮರಾಜಾ, ಎಷ್ಟು ತಣ್ಣಗೈತೋ ಇದು!" ಎಂದರು. ಹೆಗಲ ಮೇಲಿನ ಹಳದಿ ಶಾಲನ್ನು ಸರ್ರನೆ ಎಳೆದರು.

"ತಡೀರಿ ಸಾವ್ಕಾರ್ರ!" ಎಂದು ಭೀಮರಾಜ ಕೈ ಅಡ್ಡ ತಂದ. "ಮೊದಲು ಕುಚ್ಚು ಕತ್ತರಿಸ್ರಿ. ಅವು ದಾರ ಕಡಿದು ನುಂಗತಾವ, ಕರುಳಿಗೆ ಸಿಕ್ಕೊಂಡ್ರ ಆಪರೇಶನ್ನೇ ಗತಿ."

ಅಯ್ಯೋ ದೇವರೇ! ಐದು ತಾಲೂಕಿನಲ್ಲಿ ಸನ್ಮಾನ ಮಾಡಿಸಿಕೊಂಡ ಮನುಷ್ಯ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಕತ್ತರಿ ಹಿಡಿದು ಕುಚ್ಚು ಕತ್ತರಿಸಿದರು. ಭೀಮರಾಜ ಕೆಳಗೆ ಹಳೇ ಪೇಪರ್ ಹಾಕಿದ, ಅದರ ಮೇಲೆ ಗೋಣಿಚೀಲವನ್ನು ಎರಡು ಮಡಿಕೆ ಮಾಡಿ ಹಾಸಿದ, ಮೇಲೆ ಇವರು ಶಾಲು ಹಾಸಿದರು. ತಂಬಿಗಿಯನ್ನು ಎತ್ತಿ ಮಲಗಿಸಿದೆವು. ಅದು ದೊಡ್ಡದೊಂದು ಉಸಿರು ಬಿಟ್ಟು ಮುಖ ಶಾಲಿನೊಳಗೆ ತೂರಿಸಿತು. ಉಳಿದರ್ಧ ಬಿಸ್ಕತ್ತನ್ನೂ ತಿಂದಿತು.

ಮನೆಗೆ ಬಂದವರೇ ಇವರು ಟ್ರಂಕಿನ ಕೀಲಿ ತೆಗೆದರು. "ಎಲ್ಲಾ ಒಯ್ಯಿ" ಎಂದರು. ತಳದ ಪ್ಲಾಸ್ಟಿಕ್ ಕವರನ್ನು ಮಾತ್ರ ಎತ್ತಿಕೊಂಡು ಒಳಗೆ ಹೋದರು. ನಾನು ಕೇಳಲಿಲ್ಲ. ಎಲ್ಲವನ್ನೂ ಕೊಡುವವರ ಹತ್ತಿರ ಒಂದು ಉಳಿದರೆ ಉಳಿಯಲಿ ಬಿಡಿ.

ನಾನು ಆಗಲೇ ಗಂಟು ಕಟ್ಟತೊಡಗಿದ್ದೆ. ಶೃತಿ ಮೂಗು ಮುಚ್ಚಿಕೊಂಡಳು. "ಅತ್ತಿ, ಡಾಂಬರು ಗುಳಿಗಿ ವಾಸನಿ! ಹಿಂಗ ಒಯ್ದ್ರ ಉಪಕಾರದ ಬದಲು ಅಪಕಾರ ಆಗತೈತಿ. ಈ ಗುಳಿಗಿ ಪ್ರಾಣಿಗಳಿಗೆ ವಿಷ. ಮಡಿಕಿ ಮಡಿಕಿ ಝಾಡಿಸಿ, ಒಂದು ಗುಳಿಗಿನೂ ಉಳೀಲಾರದಂಗ ನೋಡ್ರಿ. ಎರಡು ಸಲ ಒಗದು, ಎರಡು ದಿನ ಬಿಸಲಿಗೆ ಹಾಕಬೇಕು."

ಒಗೆಯುವುದೇನು ಸಾಮಾನ್ಯವೇ? ನಮ್ಮೂರ ಸಂಘದವರೆಲ್ಲ ಬಂದರು. ನಮ್ಮ ಮಾಳಿಗೆಯಿಂದ ಎದುರು ಮನೆಯ ತನಕ ಹಗ್ಗ ಕಟ್ಟಿ, ಎಂಬತ್ತೆರಡು ಶಾಲುಗಳನ್ನು ಬಿಸಿಲಿಗೆ ಹಾಕಿದೆವು. ಓಣಿಯೆಲ್ಲ ಬಣ್ಣವಾಯಿತು. ಬಸ್ಸಿಳಿದವರು ನಿಂತು ನಿಂತು ನೋಡಿದರು. ನಮ್ಮ ಜಂಬಕ್ಕ ಇದ್ದಾಳಲ್ಲ, ಇಲ್ಲೇ ಕೂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ ನೋಡಿ, ಅವಳು ಅವತ್ತು ಓಡಿ ಬಂದು "ಯಾವ ಮಂತ್ರಿ ಬರಾಕತ್ಯಾರಬೇ?" ಎಂದು ಕೇಳಿದಳು. "ಮಂತ್ರಿ ಅಲ್ಲಬೇ, ತಂಬಿಗಿ" ಎಂದೆ. ಕಥೆ ಕೇಳಿ ಮನೆಗೆ ಹೋದವಳು ಎರಡು ಹಳೇ ಕೌದಿ ಹೊತ್ತು ತಂದಳು. ಅವಳನ್ನು ನೋಡಿ ಇನ್ನೊಬ್ಬರು ಬೆಡ್‌ಶೀಟು ತಂದರು. ಸಂಜೆಯ ಹೊತ್ತಿಗೆ ಹಗ್ಗದಲ್ಲಿ ಜಾಗ ಸಾಲದಾಯಿತು.

ಶೃತಿ ಭೀಮರಾಜನ ನಾಚಿಕೆಯನ್ನೂ ಬಿಡಿಸಿದಳು. "ನೀವು ನಿಮಗ ಅಂತ ಕೇಳಾಕತ್ತಿಲ್ಲಣ್ಣ. ಏನು ಬೇಕು, ಏನು ಬ್ಯಾಡ, ಬಾಗಲ ಮ್ಯಾಲೆ ಬರೀರಿ. ಜನಕ್ಕ ಕೊಡಾಕ ಮನಸೈತಿ, ಏನು ಕೊಡಬೇಕು ಅನ್ನೋದು ಗೊತ್ತಿಲ್ಲ" ಎಂದಳು. ಅವನು ಬೋರ್ಡ್ ಬರೆದ. ಆಮೇಲೆ ಹರಪನಹಳ್ಳಿ ತಾಲೂಕಿನ ಅರಸೀಕೆರೆಯ ಕಡೆಯಿಂದ ಒಬ್ಬ ರೈತ ಮೇವಿಗೆ ಶೇಂಗಾ ಹೊಟ್ಟು ಕಳಿಸಿದ, ಇನ್ನೊಬ್ಬರು ಜೋಳದ ಸೊಪ್ಪೆ ಕಳಿಸಿದರು. ನಮ್ಮ ಅಂಗಡಿಯಲ್ಲಿ ಪೆಟ್ಟು ಬಿದ್ದು ಸೊಟ್ಟಗಾಗಿ ಮಾರಾಟವಾಗದೆ ಬಿದ್ದಿದ್ದ ಬೋಗುಣಿಗಳೆಲ್ಲ ನಾಯಿಗಳ ನೀರಿನ ಪಾತ್ರೆಗಳಾದವು.

ಜನವರಿಯಲ್ಲಿ ಕೊಟ್ಟೂರಿನಿಂದ ಸನ್ಮಾನಕ್ಕೆ ಕರೆ ಬಂತು. ಇವರು ಫೋನಿನಲ್ಲಿ ಹೇಳುವುದನ್ನು ನಾನೇ ಕೇಳಿದೆ. "ಬರತೀನ್ರಿ, ಖರೇನ ಬರತೀನಿ. ಶಾಲು ಬ್ಯಾಡ. ಅದರ ಬದಲು ಆಕಳಿಗೆ ತಿನ್ನಿಸಾಕ ಒಂದು ಚೀಲ ಹಿಂಡಿ ಇಡ್ರಿ." ಅವರೂ ಬಿಡಲಿಲ್ಲ. ಹಿಂಡಿ ಚೀಲಕ್ಕೇ ಹಾರ ಹಾಕಿ ವೇದಿಕೆಯ ಮೇಲೆ ಇಟ್ಟಿದ್ದರು. ಇವರು ಅದರ ಪಕ್ಕ ನಿಂತು ತೆಗೆಸಿಕೊಂಡ ಫೋಟೋವನ್ನು ಅಂಗಡಿಯಲ್ಲಿ ತೂಗುಹಾಕಿದ್ದಾರೆ.

ಹುಣ್ಣು ಮಾಯಲು ಒಂದು ತಿಂಗಳು ಹಿಡಿಯಿತು, ಕಾಲಿಗೆ ಬಲ ಬರಲು ಇನ್ನೂ ಹದಿನೈದು ದಿನ. ಫೆಬ್ರುವರಿಯ ಒಂದು ಬೆಳಿಗ್ಗೆ ಭೀಮರಾಜ ತಂಬಿಗಿಯನ್ನು ಆಟೋದಲ್ಲಿ ತಂದು ಅಂಗಡಿಯ ಮುಂದೆ ಇಳಿಸಿದ. ಕುಂಟುತ್ತಲೇ ಮೆಟ್ಟಿಲ ತನಕ ನಡೆದು, ತನ್ನ ಹಳೆಯ ಜಾಗವನ್ನು ಮೂಸಿ, ಇವರ ಮುಖ ನೋಡುತ್ತ ನಿಂತಿತು. ಬೆಳಗಿನ ಚಳಿಗೆ ಮೈ ನಡುಗುತ್ತಿತ್ತು. ಇವರು ಎದ್ದು ಮನೆಯೊಳಗೆ ಹೋದರು. ಬಂದಾಗ ಕೈಯಲ್ಲಿ ಆ ಪ್ಲಾಸ್ಟಿಕ್ ಕವರಿತ್ತು.

"ರೀ, ಅದು ಬ್ಯಾಡ್ರಿ" ಎಂದು ನಾನೇ ತಡೆದೆ. "ಮಕ್ಕಳು ಹೊದಿಸಿದ್ದು ಅದು."

"ಅದಕ್ಕಾಗೇ" ಎಂದರು. "ಆ ಮಕ್ಕಳು ಈಗ ಇಲ್ಲಿದ್ದಿದ್ರ ಮತ್ತೊಮ್ಮಿ ಚಪ್ಪಾಳಿ ತಟ್ಟತಿದ್ವು."

ಮೂವತ್ತು ವರ್ಷ ಯಾರ ಮೈಗೂ ತಾಗದಿದ್ದ ಬಿಳಿ ಟವೆಲ್ಲನ್ನು ತಂಬಿಗಿಗೆ ಹೊದಿಸಿದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ, ಭೀಮರಾಜ ಆ ಕಡೆ ತಿರುಗಿ ನಿಂತ. ಅಷ್ಟರಲ್ಲಿ ಕೊಡ ಕೊಳ್ಳಲು ಬಂದ ಗಿರಾಕಿಯೊಬ್ಬ ಮೆಟ್ಟಿಲ ಹತ್ತಿರ ಹಿಂಜರಿದು ನಿಂತು, "ಇದು ಯಾರ ನಾಯಿರಿ?" ಎಂದು ಕೇಳಿದ.

"ನಮ್ದು" ಎಂದರು ಇವರು.

ಅಕ್ಕಂದಿರೇ, ಇಷ್ಟೇ ಕಥೆ. ಈಗ ಮನೆಗೆ ಹೋಗಿ ನಿಮ್ಮ ಟ್ರಂಕನ್ನು ತೆಗೆಯಿರಿ. ಹರಿದ ಕೌದಿ, ಬಣ್ಣ ಹೋದ ಟವೆಲ್ಲು, ಹಳೇ ಬೆಡ್‌ಶೀಟು, ಗೋಣಿಚೀಲ, ರದ್ದಿ ಪೇಪರ್, ಸೊಟ್ಟ ಬೋಗುಣಿ ಇವೆಲ್ಲ ನಿಮಗೆ ಬೇಡದವು, ಏಳಲಾರದ ಒಂದು ಜೀವಕ್ಕೆ ಬೇಕಾದವು. ಪಿನ್ನು, ಗುಂಡಿ, ಕುಚ್ಚು ತೆಗೆದು, ಒಗೆದು, ಒಣಗಿಸಿ ಕೊಡಿ. ಹೊಲದಿಂದ ಸೊಪ್ಪೆಯೋ ಹೊಟ್ಟೋ ಕೊಡುವುದಾದರೆ ಬೂಷ್ಟು ಹಿಡಿದಿದ್ದು ಬೇಡ. ಮಿಕ್ಕ ಅಡುಗೆಯನ್ನು ನನ್ನ ಹಾಗೆ ಹೊತ್ತುಕೊಂಡು ಹೋಗಬೇಡಿ, ಮನೆಯಲ್ಲಿ ಉಳಿದ ಮಾತ್ರೆಗಳನ್ನಂತೂ ಕೊಡಲೇಬೇಡಿ. ಹೋಗುವ ಮೊದಲು ಫೋನ್ ಮಾಡಿ ಏನು ಬೇಕು ಎಂದು ಒಂದು ಮಾತು ಕೇಳಿ. ಆಸರೆ ಕೇಂದ್ರ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ನಿಮ್ಮ ಊರಿನ ಪಶುಸಖಿಯನ್ನೋ ಪಶು ಆಸ್ಪತ್ರೆಯನ್ನೋ ಕೇಳಿ. ಬೇಡಲು ನಾಚಿಕೊಂಡು ಕೂತ ಒಬ್ಬ ಭೀಮರಾಜ ನಿಮ್ಮ ಕಡೆಯೂ ಇರುತ್ತಾನೆ, ಅವನು ಕೇಳುವ ತನಕ ಕಾಯಬೇಡಿ.

ನಮ್ಮ ಟ್ರಂಕಿನಲ್ಲಿ ಈಗ ಜೋಳ ತುಂಬಿಟ್ಟಿದ್ದೇನೆ.